ಕುದುರೆ ಎಳೆಯದ ತೊಲೆಗಳು

ನಲವತ್ತಮೂರನೆಯ ಪುಟ ಖಾಲಿ ಇತ್ತು. ಅದರ ಹಿಂದಿನ ಪುಟಗಳೂ ಮುಂದಿನ ಪುಟಗಳೂ ಅಚ್ಚಿನ ಮೊಳೆ ಜೋಡಿಸಿ, ಪ್ರೂಫು ತಿದ್ದಿ, ಯಾದಗಿರಿಯ ಸ್ಟೇಶನ್ ರಸ್ತೆಯ ಆ ಸಣ್ಣ ಛಾಪಖಾನೆಯಲ್ಲಿ ಸುತಳಿ ಕಟ್ಟಿಸಿಕೊಂಡು ಕೂತಿದ್ದವು. ಪುಸ್ತಕದ ಹೆಸರು ‘ಸಗರನಾಡಿನ ಮನೆತನಗಳು’. ಬರೆದವನು ಮರಿಲಿಂಗಪ್ಪ, ಇಪ್ಪತ್ತಾರು ವರ್ಷದವನು. ಓದಿದ್ದೆಲ್ಲ ರಶಿಯಾ, ಫ್ರಾನ್ಸು ದೇಶಗಳ ಕಾದಂಬರಿಗಳ ಅನುವಾದ. ಹೊಟ್ಟೆಗಾಗಿ ಬರೆಯುತ್ತಿದ್ದದ್ದು ದೇಸಾಯರ, ದೇಶಮುಖರ ವಂಶಾವಳಿ.

ಸತ್ತ ರಾಜರಷ್ಟು ಸುಖ ಕೊಡುವವರು ಬೇರೆ ಯಾರೂ ಇಲ್ಲ ಎಂದು ಅವನಿಗೆ ಈ ಎರಡು ವರ್ಷದಲ್ಲಿ ಅರ್ಥವಾಗಿತ್ತು. ಅವರ ಬಗ್ಗೆ ಶಾಸನ ಇರುತ್ತದೆ, ಸನದು ಇರುತ್ತದೆ, ಏನೂ ಇಲ್ಲದಿದ್ದರೆ ಒಂದು ಗೋರಿಯಾದರೂ ಇರುತ್ತದೆ. ಬದುಕಿರುವ ರಾಜನ ಬಗ್ಗೆ ಇರುವುದು ಬರೀ ಬಾಯಿ. ನಲವತ್ತಮೂರನೆಯ ಪುಟ ಚೆನ್ನಗುಡ್ಡ ಸಂಸ್ಥಾನದ್ದು, ಮತ್ತು ಚೆನ್ನಗುಡ್ಡದ ರಾಜಾ ಶಿವಪ್ರತಾಪ ಬಹದ್ದೂರ್ ಗಟ್ಟಿಮುಟ್ಟಾಗಿ ಬದುಕಿದ್ದರು.

“ಮಾಸ್ತರ, ಮೊಳಿ ಕೈಯಾಗ ಹಿಡಕೊಂಡು ಮೂರು ದಿನ ಆತು,” ಎಂದ ಖಾಜಾಮಿಯಾ. ಮೊಳೆ ಜೋಡಿಸುವವನು, ಐವತ್ತು ದಾಟಿದವನು. ಮನೆಯಲ್ಲಿ ಓದುವುದು ಉರ್ದು. ಆದರೆ ಕನ್ನಡದ ಒತ್ತಕ್ಷರ ತಪ್ಪಿದರೆ ದೂರದಿಂದಲೇ ಮೂಗಿಗೆ ಹೊಡೆಯುತ್ತದೆ ಎನ್ನುತ್ತಿದ್ದ. “ರಾಜಾ ಕದ್ದಾನೋ ಇಲ್ಲೋ? ಕದ್ದಾನ ಅಂದ್ರ ಕ ಹಚ್ತೀನಿ, ಇಲ್ಲ ಅಂದ್ರ ಇ ಹಚ್ತೀನಿ. ಒಂದ ಅಕ್ಷರ ಹೇಳ್ರಿ, ಸಾಕು.”

“ಏ, ಕ ಗಿ ಏನೂ ಹಚ್ಚಬ್ಯಾಡ!” ಒಳಗಿನಿಂದ ಮಾಲಕ ಜಗದೇವಪ್ಪ ಕೂಗಿದ. “ಹನ್ನೊಂದು ತಿಂಗಳು ಮರತಿ ಏನು?”

ಯಾರೂ ಮರೆತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅದೇ ಛಾಪಖಾನೆಯ ಒಂದು ಕ್ಯಾಲೆಂಡರಿನಲ್ಲಿ, ಹಿಂದಿನ ತಹಶೀಲ್ದಾರರ ವರ್ಗಾವಣೆಯ ಬಗ್ಗೆ ‘ಜನ ನೆಮ್ಮದಿಯ ಉಸಿರು ಬಿಟ್ಟರು’ ಎಂದು ಒಂದು ಸಾಲು ಬಂದಿತ್ತು. ಅಷ್ಟಕ್ಕೇ ಬಾಗಿಲಿಗೆ ಸರಕಾರದ ಮುಹರ್ ಬಿತ್ತು. ಹನ್ನೊಂದು ತಿಂಗಳು ಖಾಜಾಮಿಯಾ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಕಲ್ಲು ಹೊತ್ತ. ಬಾಗಿಲು ತೆರೆಯುವಾಗ ಬರೆಸಿಕೊಂಡಿದ್ದರು: ಇನ್ನೊಮ್ಮೆ ಸುಳ್ಳು ಅಚ್ಚಾದರೆ ಅಚ್ಚು ಹಾಕುವ ಇಜಾಜತ್ ಕಾಯಂ ರದ್ದು. ಖಾಜಾಮಿಯಾನ ಬೆನ್ನು ಈಗ ಕಲ್ಲು ಹೊರುವ ಬೆನ್ನಾಗಿ ಉಳಿದಿರಲಿಲ್ಲ.

ಇನ್ನೊಂದು ತೊಡಕನ್ನು ಮರಿಲಿಂಗಪ್ಪ ತಾನೇ ತನ್ನ ಕೊರಳಿಗೆ ಕಟ್ಟಿಕೊಂಡಿದ್ದ. ಪುಸ್ತಕದ ಮೊದಲ ಪುಟದಲ್ಲಿ, ಹುಮ್ಮಸ್ಸಿನಲ್ಲಿ, ಹೀಗೆ ಬರೆದಿದ್ದ: ‘ಕಣ್ಣಾರೆ ಕಂಡವರ ಮಾತಿಗೆ ಮಾತ್ರ ಇಲ್ಲಿ ಜಾಗ. ಹೇಳಿದವರ ಹೆಸರು ಪುಟದ ಕೆಳಗೆ ಇರುತ್ತದೆ. ಹೆಸರಿಲ್ಲದ ಮಾತನ್ನು ಈ ಪುಸ್ತಕ ಕೇಳುವುದಿಲ್ಲ.’ ಅದು ಅಚ್ಚಾಗಿ ಹೋಗಿತ್ತು. ಆಗ ಎಷ್ಟು ಚಂದ ಕಂಡಿತ್ತು ಆ ಸಾಲು! ಈಗ ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು.

ವಿಷಯ ಇಷ್ಟು. ಚೆನ್ನಗುಡ್ಡದಲ್ಲಿ ಹೆಣ್ಣುಮಕ್ಕಳ ಹೆರಿಗೆ ದವಾಖಾನೆ ಕಟ್ಟಿಸುತ್ತೇವೆಂದು ರಾಜರು ಜನರಿಂದ ವರ್ಗಣಿ ಎತ್ತಿದ್ದರು. ಲಡಾಯಿಯ ಕಾಲ, ಕಬ್ಬಿಣ ಯಾರಿಗೂ ಸಿಗುತ್ತಿರಲಿಲ್ಲ, ಪರ್ಮಿಟ್ ಬೇಕು. ದವಾಖಾನೆ ಅಂದದ್ದಕ್ಕೆ ಪರ್ಮಿಟ್ ಸಿಕ್ಕಿತು. ದವಾಖಾನೆಯ ಮೇಲ್ಮಾಡಿಗೆ ಬೇಕಾದ ಕಬ್ಬಿಣದ ತೊಲೆಗಳು ರೈಲಿನಲ್ಲಿ ಯಾದಗಿರಿಗೆ ಬಂದವು. ಆಮೇಲೆ ಆ ತೊಲೆಗಳನ್ನು ರಾಜರು ನುಂಗಿದರು ಎಂದು ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಿನ ಚಹದ ಅಂಗಡಿಗಳಲ್ಲಿ ಮಾತು.

ಸಂಸ್ಥಾನದ ಕಾಗದಪತ್ರ ನೋಡುವ ಪೇಶ್ಕಾರ ಸುಲ್ತಾನಸಾಬ ತಾನೇ ಬಂದು ಒಂದು ಕಾಗದ ಕೊಟ್ಟುಹೋಗಿದ್ದ. ದಪ್ಪ ಕಾಗದ, ಕೆಂಪು ಅರಗಿನ ಮುದ್ರೆ. ‘ದವಾಖಾನೆಯು ಸಂಪೂರ್ಣವಾಗಿ ಸಿದ್ಧವಿದ್ದು, ಇಪ್ಪತ್ತು ಮಂಚಗಳಿಂದ ಶೋಭಿಸುತ್ತಿದೆ.’

ಮರಿಲಿಂಗಪ್ಪ ಚೆನ್ನಗುಡ್ಡಕ್ಕೆ ಹೋಗಿ ನೋಡಿ ಬಂದಿದ್ದ. ನಾಲ್ಕು ಗೋಡೆ, ಎದೆಯಮಟ್ಟ. ಒಳಗೆ ಎರಡು ಆಡು ಶೋಭಿಸುತ್ತಿದ್ದವು.

“ಮುದ್ರಿ ಐತಲ್ಲೋ ತಮ್ಮಾ,” ಎಂದ ಜಗದೇವಪ್ಪ, ಕಾಗದವನ್ನು ಬೆಳಕಿಗೆ ಹಿಡಿದು. “ಮುದ್ರಿ ಇದ್ದದ್ದ ಹಚ್ಚು. ನಾಳಿ ಯಾರರ ಕೇಳಿದ್ರ ಕಾಗದ ತೋರಸ್ತೀನಿ.”

“ಮಾಡಽ ಇಲ್ರಿ ಮಾಲಕರ, ಮಂಚ ಎಲ್ಲಿ ಇಡ್ತಾರ? ಮೋಡಕ್ಕ ತೂಗು ಹಾಕ್ಯಾರೇನು?”

“ಹಂಗಾರ ದವಾಖಾನಿ ಸುದ್ದಿನ ಬಿಡು.”

“ಊರೆಲ್ಲ ಅದನ್ನ ಮಾತಾಡಾಕತ್ತೈತಿ. ಬಿಟ್ರ, ರಾಜಾ ನನಗೂ ಒಂದು ತೊಲಿ ಕೊಟ್ಟಾನ ಅಂತಾರ.”

“ಮಾತಾಡವರು ಬಂದು ಮುಹರ್ ಬಿದ್ದ ದಿನ ನನ್ನ ಬಾಗಲಾಗ ಕೂಡ್ತಾರೇನು? ಗುರುವಾರದ ತನಕ ಟೈಮ್ ಐತಿ. ಖರೇ ಇದ್ದದ್ದು ತಾ. ಇಲ್ಲಂದ್ರ ಆ ಪುಟದಾಗ ಒಂದು ಬಸವಣ್ಣನ ಚಿತ್ರದ ಬ್ಲಾಕ್ ಹಚ್ಚಿಬಿಡ್ತೀನಿ.”

ಖರೇ ಇದ್ದದ್ದು ಸುರಪುರದಲ್ಲಿದೆ ಎಂದು ಎಲ್ಲರೂ ಹೇಳುತ್ತಿದ್ದರು. ವಕೀಲ ಭೀಮರಾಯನ ಹತ್ತಿರ. ಸೊಲ್ಲಾಪುರದ ಪತ್ರಿಕೆಗೆ ಈ ತೊಲೆಗಳ ಸುದ್ದಿ ಕಳಿಸಿದ್ದೂ ಅವನೇ. ಸಂಸ್ಥಾನದ ಮೇಲೆ ಭೀಮರಾಯನದೊಂದು ಹೊಲದ ದಾವೆ ಇತ್ತೆಂಬುದು ಮರಿಲಿಂಗಪ್ಪನಿಗೆ ಗೊತ್ತಿತ್ತು. ಆದರೂ ಹೋದ. ಸಿಟ್ಟಿದ್ದವನು ಹೇಳಿದ್ದೆಲ್ಲ ಸುಳ್ಳೇ ಆಗಬೇಕಿಲ್ಲ, ಕೆಲವೊಮ್ಮೆ ಸಿಟ್ಟಿದ್ದವನೇ ಕಣ್ಣು ತೆರೆದು ನೋಡಿರುತ್ತಾನೆ, ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಭೀಮರಾಯ ಕಟ್ಟೆಯ ಮೇಲೆ ಗಾದಿಗೆ ಒರಗಿ ಕೂತಿದ್ದ. ಮುಂದೆ ಇಬ್ಬರು ಕಕ್ಷಿದಾರರು, ಪಕ್ಕದಲ್ಲಿ ತಾಂಬೂಲದ ತಟ್ಟೆ.

“ಬಾರೋ ಸಾಹಿತಿ! ಸಬೂತು ಬೇಕೇನು? ಮೈಮ್ಯಾಲೆ ಹೊದ್ದುಕೊಳ್ಳುವಷ್ಟು ಐತಿ. ನಲವತ್ತು ತೊಲಿ! ಒಂದಲ್ಲ ಎರಡಲ್ಲ.”

“ಯಾರು ಎಣಿಸ್ಯಾರ್ರಿ?”

“ಊರ ಎಣಿಸೈತಿ.”

“ಊರಿಗೆ ಹೆಸರೇನ್ರಿ? ಪುಟದ ಕೆಳಗ ಹಾಕಬೇಕು.”

ಕಕ್ಷಿದಾರರಲ್ಲಿ ಒಬ್ಬ ನಕ್ಕ. ಭೀಮರಾಯ ಅವನನ್ನೇ ತೋರಿಸಿದ. “ಇವನ್ನ ಕೇಳು. ಏ ಮೌನಪ್ಪಾ, ಹೇಳೋ. ತೊಲಿ ಹೋದದ್ದು ಖರೇನೋ ಸುಳ್ಳೋ?”

“ಖರೇರಿ,” ಎಂದ ಮೌನಪ್ಪ. “ರಾಜಾರು ಹೈದರಾಬಾದಿಗೆ ಒಯ್ದು ಕುಣಿಯೋ ಸೂಳೇರಿಗೆ ಮಹಲು ಕಟ್ಟಿಸ್ಯಾರ.”

“ನೀ ನೋಡಿಯೇನು?”

“ನಾ ಹೈದರಾಬಾದ ನೋಡಿಲ್ರಿ. ನಮ್ಮ ಬೀಗರು ಹೇಳಿದ್ರು.”

“ಬೀಗರು ನೋಡ್ಯಾರೇನು?”

“ಅವರಿಗೆ ಶಹಾಪುರದ ಬಜಾರದಾಗ ಹೇಳಿದ್ರಂತ್ರಿ. ಆದರ ಕುದುರಿ ಸತ್ತದ್ದು ಮಾತ್ರ ಪಕ್ಕಾ ಐತಿ ನೋಡ್ರಿ.”

ಮರಿಲಿಂಗಪ್ಪನ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು. “ಯಾವ ಕುದುರಿ?”

“ಬಿಳಿ ಕುದುರಿ,” ಎಂದ ಭೀಮರಾಯ ತಾನೇ. “ಅದ ಎಲ್ಲಾದಕ್ಕಿಂತ ದೊಡ್ಡ ಸಬೂತು. ತೊಲಿ ಎಳಿಯೂ ಮುದಿ ಬಿಳಿ ಕುದುರಿ, ಶಹಾಪುರದ ಗುಡ್ಡದ ಏರಿನ್ಯಾಗ ಮಣಕಾಲು ಊರಿ ಬಿತ್ತು. ಗಾಡಿಯವ ಚಬಕದಿಂದ ಕಣ್ಣಿಗೇ ಹೊಡದ. ಮಂದಿ ಸುತ್ತ ನಿಂತು ನಕ್ರು. ಅಲ್ಲೇ ಸತ್ತಿತು. ಎಲ್ಲಾರೂ ನೋಡ್ಯಾರ. ಪತ್ರಿಕಿಯೊಳಗೂ ಬಂದೈತಿ.”

ಮೌನಪ್ಪ ಲೊಚಗುಟ್ಟಿದ. ಕುದುರೆಗಾಗಿ ಅವನ ಕಣ್ಣು ಹಸಿಯಾಗಿತ್ತು.

ಆ ಕುದುರೆ ಮರಿಲಿಂಗಪ್ಪನದು. ಅದರ ಹುಟ್ಟೂ ಸಾವೂ ಅವನ ಕೈಯದೇ. ಎಂಟು ತಿಂಗಳ ಹಿಂದೆ ಮಾಡಿಲ್ಲದ ಗೋಡೆ ನೋಡಿ ಬಂದ ಸಿಟ್ಟಿನಲ್ಲಿ ಒಂದು ಕಥೆ ಬರೆದಿದ್ದ: ಒಬ್ಬ ಹೆಸರಿಲ್ಲದ ರಾಜ, ನಲವತ್ತು ತೊಲೆ, ಹೈದರಾಬಾದಿನ ನಾಟ್ಯಮಂದಿರ, ಏರಿನಲ್ಲಿ ಸಾಯುವ ಮುದಿ ಬಿಳಿ ಕುದುರೆ. ಆ ದಿನಗಳಲ್ಲಿ ಓದುತ್ತಿದ್ದ ಪುಸ್ತಕಗಳಲ್ಲಿ ಕುದುರೆ ಸಾಯದೆ ಕಥೆ ಮುಗಿಯುತ್ತಿರಲಿಲ್ಲ. ಸ್ಟೇಶನ್ನಿನ ಬೆಂಚಿನ ಮೇಲೆ ಗೆಳೆಯರಿಗೆ ಓದಿ ಹೇಳಿದ್ದ. ಭೀಮರಾಯ ‘ನೋಡಿ ಕೊಡ್ತೀನಿ’ ಎಂದು ಹಸ್ತಪ್ರತಿ ಇಸಕೊಂಡು ಹೋದವನು ತಿರುಗಿ ಕೊಟ್ಟಿರಲಿಲ್ಲ.

“ವಕೀಲರ, ನನ್ನ ಕಥಿ ಎಲ್ಲಿ ಐತ್ರಿ?”

“ಯಾವ ಕಥಿ?... ಹಾಂ, ಅದಾ? ಅದನ್ನ ನೋಡಿನ ಪತ್ರಿಕೆಗೆ ಕಳಿಸಿದೆ. ಭಾಷಾ ಸ್ವಲ್ಪ ತಿದ್ದಿದೆ, ರಾಜಾನ ಹೆಸರು ಹಾಕಿದೆ. ನಿನ್ನ ಕುದುರಿ ಮಾತ್ರ ಹಂಗ ಬಿಟ್ಟೇನಿ. ಭಾಳ ಚಂದ ಬರದಿ.”

“ಅದು ಕಥೀರಿ! ನಾ ಹುಟ್ಟಿಸಿದ ಕುದುರಿ ಅದು!”

“ಇರಲಿ ಬಿಡೋ,” ಎಂದ ಭೀಮರಾಯ, ಅಡಿಕೆ ಕತ್ತರಿಸುತ್ತ. “ಈಗ ನೀ ಬ್ಯಾಡ ಅಂದ್ರೂ ಅದು ಸತ್ತೈತಿ. ಮೌನಪ್ಪ, ಹೌದಿಲ್ಲೋ?”

“ಹೌದ್ರಿ,” ಎಂದ ಮೌನಪ್ಪ. “ಪಾಪ.”

ಮರಿಲಿಂಗಪ್ಪ ಬಸ್ಸು ಹತ್ತಿ ಶಹಾಪುರಕ್ಕೆ ಬಂದ. ಅಲ್ಲಿ ಬಸ್ಸು ನಿಂತಾಗ ಚಹಕ್ಕೆ ಇಳಿದು, ತಡೆಯಲಾರದೆ ಅಂಗಡಿಯವನನ್ನು ಕೇಳಿದ: ಇಲ್ಲಿ ಏರಿನಲ್ಲಿ ಕುದುರೆ ಸತ್ತಿತ್ತಂತಲ್ಲ? ಅಂಗಡಿಯವನು ಸಂತೋಷದಿಂದ ಕೈ ತೋರಿಸಿದ. “ಅಕಾ, ಆ ಬೇವಿನ ಗಿಡದ ಬುಡಕ ನೋಡ್ರಿ. ಮಣ್ಣು ಮಾಡಿದ್ದೂ ಅಲ್ಲೇ.” ಕಥೆಯಲ್ಲಿ ಬೇವಿನ ಗಿಡ ಇರಲಿಲ್ಲ. ಊರು ತನ್ನ ಕಡೆಯಿಂದ ನೆಟ್ಟಿತ್ತು.

ಆದರೆ ಆ ಸಿಟ್ಟಿನ ಅಡಿಯಲ್ಲಿ ಒಂದು ವಿಚಾರ ಹೊಳೆಯಿತು. ಯಾರ ಬಾಯಲ್ಲಿ ಕುದುರೆ ಬರುತ್ತದೋ ಅವರ ಮಾತು ತನ್ನಿಂದಲೇ ಹೊರಟು ತನ್ನ ಹತ್ತಿರವೇ ಬಂದದ್ದು. ಅವರು ನೂರು ಜನರಿದ್ದರೂ ಒಬ್ಬನೇ, ಆ ಒಬ್ಬ ತಾನೇ. ಕುದುರೆ ಇಲ್ಲದ ಬಾಯಿ ಒಂದಾದರೂ ಸಿಗಬೇಕು.

ಸಿಕ್ಕಿದ್ದು ಭೀಮಾ ಹೊಳೆಯ ದಡದಲ್ಲಿ. ಬಸ್ಸು ಈಚೆ ದಡದಲ್ಲಿ ಇಳಿಸಿ ಹೋಗುತ್ತಿತ್ತು. ಹರಗೋಲಿನಲ್ಲಿ ದಾಟಿ ಯಾದಗಿರಿಗೆ ನಡೆಯಬೇಕು. ಆ ದಡದ ಹರಗೋಲುಗಳೆಲ್ಲ ಹಣಮಂತಮ್ಮನ ಮನೆಯವು. ಗಂಡ ಸತ್ತ ಮೇಲೆ ಹುಟ್ಟು ತಾನೇ ಹಿಡಿದವಳು, ಕಪ್ಪು ಕಲ್ಲಿನಂಥ ತೋಳಿನ ಹೆಂಗಸು. ದಾಟಿಸುವ ಹಕ್ಕು ಮಾತ್ರ ಸಂಸ್ಥಾನದ್ದು. ವರ್ಷಕ್ಕೊಮ್ಮೆ ಚೆನ್ನಗುಡ್ಡದಿಂದ ಗುತ್ತಿಗೆಯ ಚೀಟಿ ತರಬೇಕು.

ಅವಳು ಬೋರಲು ಹಾಕಿದ ಹರಗೋಲಿನ ತೊಗಲಿಗೆ ಡಾಂಬರು ಬಳಿಯುತ್ತಿದ್ದಳು.

“ಕೂಡ್ರಿ ಮಾಸ್ತರ. ಇನ್ನ ನಾಕು ಮಂದಿ ಬರಲಿ, ದಾಟಸ್ತೀನಿ. ಮಾರಿ ಯಾಕ ಹಿಂಗಾಗೈತಿ?”

“ಒಂದು ಕುದುರಿ ಸತ್ತೈತಿ ಯವ್ವಾ.”

“ಆ ತೊಲಿ ಎಳದ ಕುದುರ್ಯಾ?” ಹಣಮಂತಮ್ಮ ಕುಂಚ ಕೆಳಗಿಟ್ಟು ನಕ್ಕಳು. “ನನಗೂ ಹೇಳ್ಯಾರ. ಯಾವ ಹುಚ್ಚ ಹುಟ್ಟಿಸ್ಯಾನೋ! ಈ ಸೀಮ್ಯಾಗ ಯಾವನರ ಕುದುರಿಗೆ ತೊಲಿ ಎಳಸ್ತಾನೇನ್ರಿ? ಎತ್ತು ಏನು ಸತ್ತು ಹೋಗ್ಯಾವಾ? ಟಾಂಗಾದ ಕುದುರಿಗೆ ತೊಲಿ ಕಟ್ಟಿದ್ರ ಒಂದ ಹೆಜ್ಜಿ ಎಳಿಯಂಗಿಲ್ಲ ಅದು.”

ಯಾವ ವಿಮರ್ಶಕನೂ ಅವನ ಕಥೆಯನ್ನು ಅಷ್ಟು ಬೇಗ ಮುಗಿಸಿರಲಿಲ್ಲ.

“ತೊಲಿ ಬಂದದ್ದು ನೀ ನೋಡಿಯೇನವ್ವಾ?”

“ನೋಡೂದೇನು, ದಾಟಿಸಿದವಳ ನಾನು. ಹೋದ ವರ್ಷ ಶ್ರಾವಣದಾಗ, ಹೊಳಿ ತುಂಬಿತ್ತು. ಆ ಯಾದಗಿರಿ ದಡದಿಂದ ಈ ದಡಕ್ಕ. ಏಳು ತೊಲಿ.”

“ನಲವತ್ತಲ್ಲ?”

“ನಲವತ್ತು ಹಾಕಿದ್ರ ಹರಗೋಲ ಇರ್ತಿತ್ತಾ, ನಾ ಇರ್ತಿದ್ನಾ? ಏಳು. ಎರಡು ಹರಗೋಲ ಜೋಡಿಸಿ ಕಟ್ಟಿ, ಒಂದೊಂದ ಅಡ್ಡ ಹಾಕಿ ತಂದೀವಿ. ದುಡ್ಡು ತಗೊಂಡಿಲ್ಲ ಮತ್ತ. ಬಸುರಿಗೆ, ಬಾಣಂತಿಗೆ, ದೇವರ ಸಾಮಾನಿಗೆ ನಾವು ದುಡ್ಡು ಮುಟ್ಟಂಗಿಲ್ಲ. ಬಾಣಂತಿ ದವಾಖಾನಿ ತೊಲಿ ಅಂದ್ರು. ಹೊಳಿಗೆ ಕಾಯಿ ಒಡದು, ಪುಗಸಟ್ಟೆ ದಾಟಿಸಿದ್ವಿ.” ಅವಳು ಕುಂಚವನ್ನು ಮತ್ತೆ ಡಾಂಬರಿಗೆ ಅದ್ದಿದಳು. “ದಸರಾಕ ಹದಿನೈದು ದಿನ ಇತ್ತು, ಅವೇ ಏಳು ತೊಲಿ ತಿರುಗಿ ಬಂದ್ವು. ಈ ದಡದಿಂದ ಆ ದಡಕ್ಕ. ಸಂಸ್ಥಾನದ ಮಂದೀನ ತಂದಿದ್ರು. ಆಗ ದುಡ್ಡು ಕೊಟ್ರು, ಕೇಳದಽ.”

“ಅವೇ ಅಂತ ಹೆಂಗ ಗೊತ್ತು? ಬ್ಯಾರೆ ತೊಲಿ ಇರಬಹುದಲ್ಲ?”

ಹಣಮಂತಮ್ಮ ಅವನನ್ನು ಕೂಸನ್ನು ನೋಡಿದಂತೆ ನೋಡಿದಳು. “ಉದ್ದನ ಸಾಮಾನು ಹರಗೋಲಿಗೆ ಹಾಕೂ ಮೊದಲ ತೂಕ ನೋಡ್ತೀವಿ. ನಟ್ಟನಡುವ ಎಲ್ಲಿ ಅಂತ ಎತ್ತಿ ಹಿಡದು ನೋಡಿ, ಅಲ್ಲಿ ಡಾಂಬರ ಹಚ್ತೀವಿ. ಆ ಗುರುತು ಹರಗೋಲಿನ ನಡುವಿಗೆ ಬರಬೇಕು. ಬರಲಿಲ್ಲಂದ್ರ ಹರಗೋಲ ಬೋರಲ. ಶ್ರಾವಣದಾಗ ಏಳಕ್ಕೂ ನಾವ ಹಚ್ಚಿದ್ವಿ. ದಸರಾಕ ತಿರುಗಿ ಬಂದಾಗ ಹಚ್ಚೂ ಕೆಲಸನ ಇರಲಿಲ್ಲ, ಗುರುತು ಮೊದಲ ಇತ್ತು. ನಾ ಹಚ್ಚಿದ ಡಾಂಬರ ನನಗ ಗುರುತ ಸಿಗಂಗಿಲ್ಲೇನ್ರಿ?”

ಹೊಳೆಯ ಮೇಲೆ ಬಿಸಿಲು ಚುಚ್ಚುತ್ತಿತ್ತು. ಎರಡು ವರ್ಷದಲ್ಲಿ ಮರಿಲಿಂಗಪ್ಪ ಕೇಳಿದ ಮಾತುಗಳಲ್ಲಿ ಇದೊಂದಕ್ಕೆ ಮಾತ್ರ ಕೈಕಾಲು ಇದ್ದವು.

“ಇದನ್ನ ಬರದು ಕೆಳಗ ನಿನ್ನ ಹೆಸರು ಹಾಕಲೇನವ್ವಾ?”

“ಹಾಕ್ರಿ. ಖರೇ ಹೇಳಾಕ ನನಗೇನು ಅಂಜಿಕಿ?” ಎಂದಳು ತಕ್ಷಣ. ಆಮೇಲೆ ಕುಂಚ ನಿಧಾನವಾಯಿತು. “ಯುಗಾದಿಗೆ ಚೀಟಿ ತರಬೇಕು, ಅದೊಂದು. ಚೀಟಿ ಕೊಡಲಿಲ್ಲಂದ್ರ... ಹಾಕ್ರಿ ಬಿಡ್ರಿ. ಮೀನಾರ ಹಿಡದೇನು.”

ಮೀನು ಹಿಡಿಯುವುದಕ್ಕೂ ಅದೇ ಚೀಟಿ ಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು.

ಯಾದಗಿರಿಯ ಹೊರಗೆ, ಸ್ಟೇಶನ್ನಿನಿಂದ ಹೆಚ್ಚು ದೂರವಲ್ಲದ ಬಯಲಿನಲ್ಲಿ, ಸಂಸ್ಥಾನದ ಹೊಸ ಬಂಗಲೆ ಇತ್ತು. ರೈಲಿನಿಂದ ಇಳಿಯುವ ದೊಡ್ಡವರು ಉಳಿಯಲಿ ಎಂದು ಕಳೆದ ವರ್ಷ ಕಟ್ಟಿಸಿದ್ದು. ಮರಿಲಿಂಗಪ್ಪ ದಿನಾ ಅದರ ಮುಂದೆಯೇ ಓಡಾಡುತ್ತಿದ್ದ. ಊರೆಲ್ಲ ಹೈದರಾಬಾದಿನ ಕಡೆಗೆ ಬೆರಳು ತೋರಿಸುತ್ತಿದ್ದರಿಂದ ಯಾರೂ ತಲೆ ಎತ್ತಿ ಇದನ್ನು ನೋಡಿರಲಿಲ್ಲ. ಹೈದರಾಬಾದಿನ ಕಡೆಗೆ ಬೆರಳು ತಿರುಗಿಸಿದವನು ತಾನೇ. ರಾಜರಿಗೆ ತನ್ನಷ್ಟು ಉಪಕಾರ ಮಾಡಿದವರು ಇನ್ನೊಬ್ಬರಿಲ್ಲ ಎಂದುಕೊಂಡು, ದಾರಿಯಲ್ಲಿ ಬಿದ್ದಿದ್ದ ಕಲ್ಲೊಂದನ್ನು ಒದ್ದ. ಕಾಲು ನೋಯಿತು, ಅಷ್ಟೇ.

ಮರುದಿನ ಬೆಳಿಗ್ಗೆ ಬಂಗಲೆಯ ಬಾಗಿಲಿಗೆ ಹೋಗಿ, ಪುಸ್ತಕದಲ್ಲಿ ಇದರ ವರ್ಣನೆ ಕೊಡಬೇಕು ಎಂದ. ಪೇಶ್ಕಾರ ಸುಲ್ತಾನಸಾಬ ಹಿಗ್ಗಿ ತಾನೇ ಒಳಗೆ ಕರೆದೊಯ್ದ. ಕನ್ನಡಿ ತೋರಿಸಿದ, ಗಾದಿ ತೋರಿಸಿದ, ಬಣ್ಣದ ಗಾಜಿನ ಕಿಟಕಿ ತೋರಿಸಿದ. ಒಳಗಿನ ಮಾಡಿಗೆಲ್ಲ ಹಲಗೆ ಹೊಡೆದಿದ್ದರು, ಏನೂ ಕಾಣುತ್ತಿರಲಿಲ್ಲ.

“ಹಿಂದ ಒಂದು ಪಡಸಾಲಿ ಐತಿ,” ಎಂದ ಸುಲ್ತಾನಸಾಬ. “ಅಲ್ಲಿಗೆ ಯಾರನ್ನೂ ಕರಕೊಂಡು ಹೋಗಂಗಿಲ್ಲ. ಬಣ್ಣ ಬಾಕಿ ಉಳದೈತಿ. ನೀವು ಬರಿಯೋ ಮಂದಿ, ನೋಡ್ರಿ ಬೇಕಾದ್ರ.” ಹಾಗೆಂದವನು ಪಡಸಾಲೆಯ ಅಂಚಿನಲ್ಲಿ ಬೆನ್ನು ತಿರುಗಿಸಿ ನಿಂತು ಪಾನದ ಡಬ್ಬಿ ತೆಗೆದ. ಸುಣ್ಣ ಹಚ್ಚಲು ಬಹಳ ಹೊತ್ತು ಹಿಡಿಯಿತು.

ಮರಿಲಿಂಗಪ್ಪ ತಲೆ ಎತ್ತಿದ. ಏಳು ಕಬ್ಬಿಣದ ತೊಲೆ. ಪ್ರತಿಯೊಂದರ ನಟ್ಟನಡುವೆ, ಕೈಯಿಂದ ಬಳಿದ ಕರಿ ಡಾಂಬರಿನ ಪಟ್ಟಿ.

“ಬರಿ!” ಎಂದ ಜಗದೇವಪ್ಪ, ಎಲ್ಲ ಕೇಳಿದ ಮೇಲೆ ಮೊದಲ ಸಲ ಕುರ್ಚಿಯಿಂದ ಎದ್ದು. ಮರುಕ್ಷಣ ಕೂತ. “ಏ, ಬರಿಬ್ಯಾಡ. ಆಕಿ ಹೆಸರು ಹಾಕಿದ್ರ ಆಕಿ ಹರಗೋಲ ಹೋತು. ಹಾಕಲಿಲ್ಲಂದ್ರ ನನ್ನ ಛಾಪಖಾನಿ ಹೋತು, ಹೆಸರಿಲ್ಲದ ಮಾತು ಅಂತ ನೀನ ಮೊದಲನೇ ಪುಟದಾಗ ಬರದೀದಿ. ಯಾರು ಹೇಳಿದ್ರೋ ನಿನಗ ಅದನ್ನ ಬರಿಯಂತ?”

“ಮತ್ತೊಂದೈತ್ರಿ,” ಎಂದ ಮರಿಲಿಂಗಪ್ಪ. “ರಾಜಾ ಕದ್ದಾನ ಅಂತ ಆಕಿನೂ ಹೇಳಿಲ್ಲ. ತೊಲಿ ಬಂದ್ವು, ತೊಲಿ ಹೋದ್ವು, ಅಷ್ಟ ಹೇಳ್ಯಾಳ. ದವಾಖಾನಿಗೆ ಬ್ಯಾರೆ ತೊಲಿ ತರಸ್ತೀನಿ ಅಂತ ರಾಜಾ ನಾಳಿ ಅಂದ್ರ? ಕದ್ದಾನ ಅನ್ನೂದು ನಾ ನೋಡಿಲ್ಲ, ಆಕೀನೂ ನೋಡಿಲ್ಲ.”

“ಅಲ್ಲಾ!” ಖಾಜಾಮಿಯಾ ಮೊಳೆಗಳ ಪೆಟ್ಟಿಗೆಗೆ ಹಣೆ ತಾಗಿಸಿದ. “ಹಂಗಾರ ಕ ಹಚ್ಚಲೋ, ಇ ಹಚ್ಚಲೋ?”

ಮರಿಲಿಂಗಪ್ಪ ಮೂಲೆಯಲ್ಲಿ ಕೂತು ಬರೆದ. ಹೊಡೆದು ಹಾಕಿ ಮತ್ತೆ ಬರೆದ. ‘ದುರಾಸೆ’ ಎಂದು ಬಂತು, ಹೊಡೆದ. ‘ಕರುಣಾಜನಕ’ ಎಂದು ಬಂತು, ಇನ್ನೂ ಜೋರಾಗಿ ಹೊಡೆದ. ಕುದುರೆಯ ಕಣ್ಣಿನ ಬಗ್ಗೆ ಬರೆಯಲು ಎಂಥ ಸುಖವಾಗಿತ್ತು. ತೊಲೆಯ ಬಗ್ಗೆ ಬರೆಯಲು ಹಲ್ಲು ಕೀಳಿಸಿಕೊಂಡಂತೆ ಆಗುತ್ತಿತ್ತು. ಕೊನೆಗೆ ಉಳಿದದ್ದು ವಂಶಾವಳಿಯ ಕೆಳಗೆ ಎರಡು ಪರಿಚ್ಛೇದ.

‘ಚೆನ್ನಗುಡ್ಡದ ಹೆರಿಗೆ ದವಾಖಾನೆಗೆ ನಾಲ್ಕು ಗೋಡೆಗಳಿವೆ. ಎತ್ತರ ಎದೆಯಮಟ್ಟ. ಮಾಡು ಇಲ್ಲ. ಮಂಚಗಳಿಲ್ಲ.

‘ಯಾದಗಿರಿಯಲ್ಲಿ ಸಂಸ್ಥಾನದ ಹೊಸ ಬಂಗಲೆ ಇದೆ. ಹಿಂದಿನ ಪಡಸಾಲೆಯ ಮಾಡಿಗೆ ಏಳು ಕಬ್ಬಿಣದ ತೊಲೆಗಳಿವೆ. ಪ್ರತಿ ತೊಲೆಯ ನಟ್ಟನಡುವೆ ಒಂದು ಗೇಣು ಅಗಲದ ಡಾಂಬರಿನ ಪಟ್ಟಿ ಇದೆ.

‘ಎರಡನ್ನೂ ಕಣ್ಣಾರೆ ಕಂಡವನು: ಮರಿಲಿಂಗಪ್ಪ, ಯಾದಗಿರಿ.’

ಜಗದೇವಪ್ಪ ಮೂರು ಸಲ ಓದಿದ. “ಇದರಾಗ ಏನೂ ಇಲ್ಲಲ್ಲೋ.”

“ಸುಳ್ಳರ ಐತೇನ್ರಿ?”

“ಇಲ್ಲ.”

“ಹಂಗಾರ ಖಾಜಾಮಿಯಾ, ಮೊಳಿ ಹಚ್ಚು.”

ಖಾಜಾಮಿಯಾ ಮೊದಲ ಅಕ್ಷರ ನೋಡಿದ. ಚೆ.

ಪ್ರೂಫನ್ನು ಸುಲ್ತಾನಸಾಬನಿಗೆ ತೋರಿಸಬೇಕೆಂದು ಜಗದೇವಪ್ಪ ಹಟ ಹಿಡಿದ. ಪೇಶ್ಕಾರ ಬಂದು, ಕನ್ನಡಕ ಹಾಕಿ, ಬೆರಳಿಟ್ಟು ಓದಿದ. ದವಾಖಾನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. “ಮುದ್ರಿ ಕಾಗದದಾಗ ಬ್ಯಾರೆ ಇತ್ತಲ್ಲ?” ಎಂದ. “ಹೋಗಿ ನೋಡಿ ಬಂದೇನ್ರಿ,” ಎಂದ ಮರಿಲಿಂಗಪ್ಪ. “ಹೌದು, ಹೋಗಿ ನೋಡಿದ್ರ ಹಂಗ ಕಾಣತೈತಿ,” ಎಂದು ಸುಲ್ತಾನಸಾಬ ತೊಲೆಯ ಸಾಲನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಕೆಳಗೆ ದಸ್ಕತ್ತು ಮಾಡಿದ. “ಬಂಗಲೆ ವರ್ಣನಾ ಬಂತಲ್ಲ, ಅಷ್ಟ ಸಾಕು.”

ಪುಸ್ತಕ ಹೊರಬಂತು. ಸುರಪುರದಿಂದ ಭೀಮರಾಯನ ಕಾಗದ ಮರುವಾರವೇ ಬಂತು: ‘ಎಷ್ಟು ತೊಲಿ ತಿಂದಿ? ಕುದುರಿ ಎಲ್ಲಿ?’ ಶಹಾಪುರದ ಚಹದ ಅಂಗಡಿಯವನೂ ಯಾರ ಕೈಯಲ್ಲೋ ಹೇಳಿ ಕಳಿಸಿದ್ದ, ಬೇವಿನ ಗಿಡ ಬಿಟ್ಟುಹೋಗಿದೆ ಎಂದು. ಸ್ಟೇಶನ್ನಿನ ಬೆಂಚಿನ ಗೆಳೆಯರು ಮುಖ ತಿರುಗಿಸಿದರು. ಎರಡು ವರ್ಷದ ಕೆಲಸ, ಒಬ್ಬನಾದರೂ ಮೆಚ್ಚಲಿಲ್ಲ. ಮರಿಲಿಂಗಪ್ಪ ಛಾಪಖಾನೆಗೆ ಬಂದು ಕೂರುತ್ತಿದ್ದ, ಖಾಜಾಮಿಯಾ ಚಹ ತರಿಸುತ್ತಿದ್ದ.

ಆಮೇಲೆ ಒಂದು ಮಂಗಳವಾರ, ಸಂತೆಯ ದಿನ, ಆ ಪುಟವನ್ನು ಯಾರೋ ಓದಿ ಹೇಳಿದ್ದು ಕೇಳಿ ಹೊಳೆಯ ದಡದವರು ಹತ್ತು ಹನ್ನೆರಡು ಜನ ಬಂಗಲೆಯ ಹಿಂದಿನ ಬೇಲಿಯಾಚೆ ನಿಂತಿದ್ದರು. ಕೊರಳೆತ್ತಿ ಮಾಡು ನೋಡಿ ಹೋದರು. ಮುಂದಿನ ಸಂತೆಗೆ ಮೂವತ್ತು ಜನ. ತೊಲೆಯ ನಟ್ಟನಡುವೆ ಡಾಂಬರು ಯಾಕೆ ಬರುತ್ತದೆ ಎಂದು ಭೀಮೆಯ ದಡದಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಬಾಣಂತಿಯರ ಹೆಸರಿನಲ್ಲಿ ತಮ್ಮಿಂದ ಪುಗಸಟ್ಟೆ ದಾಟಿಸಿಕೊಂಡದ್ದನ್ನು ಅವರು ನೋಡುತ್ತಿದ್ದರು.

ಅಂದು ಮಧ್ಯಾಹ್ನ ಹಣಮಂತಮ್ಮ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಛಾಪಖಾನೆಯ ಮೆಟ್ಟಿಲಿಗೆ ಬಂದಳು.

“ಓದ್ರಿ ಮಾಸ್ತರ, ಏನ ಬರದೀರಿ ಕೇಳೋಣು.”

ಮರಿಲಿಂಗಪ್ಪ ಓದಿದ. ಅವಳು ಗಲ್ಲಕ್ಕೆ ಕೈ ಹಚ್ಚಿ ಕೇಳಿದಳು. ಮುಗಿದ ಮೇಲೆ ತಲೆ ಅಲ್ಲಾಡಿಸಿದಳು.

“ಎಲ್ಲಾ ಬರೋಬರಿ. ಗೇಣು ಅಂದದ್ದು ತಪ್ಪು. ನಾಕು ಬಟ್ಟು ಹಚ್ತೀವಿ ನಾವು,” ಎಂದು ನಾಲ್ಕು ಬೆರಳು ಜೋಡಿಸಿ ತೋರಿಸಿದಳು. “ಗೇಣು ಹಚ್ಚಾಕ ಡಾಂಬರ ಏನು ಪುಗಸಟ್ಟೆ ಬರತೈತೇನು? ಓದಿದವರು ಬ್ಯಾರೆಯವರ ಗುರುತು ಅಂದುಕೊಂಡಾರು.”

ಅವಳು ಬುಟ್ಟಿ ಎತ್ತಿಕೊಂಡು ಹೋದಳು. ಮರಿಲಿಂಗಪ್ಪ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ.

“ತಿದ್ದುಪಡಿ ಚೀಟಿ ಹಾಕಬೇಕ್ರಿ.”

“ಹುಚ್ಚು ಹಿಡದೈತೇನು?” ಜಗದೇವಪ್ಪ ಬಾಗಿಲ ಕಡೆ ನೋಡಿ ಸಣ್ಣ ದನಿಯಲ್ಲಿ ಕೂಗಿದ. “ಇಷ್ಟ ದಿನ ಯಾವ ಸಾಹೇಬನ ಕಣ್ಣೂ ಆ ಸಾಲಿನ ಮ್ಯಾಲೆ ಬಿದ್ದಿಲ್ಲ. ಚೀಟಿ ಅಂಟಿಸಿ, ಇಲ್ಲೇ ನೋಡ್ರೋ ಅಂತ ಬೆರಳ ಮಾಡಿ ತೋರಸ್ತಿಯಾ? ಗೇಣೋ ಬಟ್ಟೋ, ಯಾವ ತಲಿ ಹೋಗೂದೈತಿ?”

“ಅದೊಂದು ತಪ್ಪು ಹಿಡದು ಎಲ್ಲಾ ಸುಳ್ಳು ಅಂತಾರ್ರಿ. ಸುಳ್ಳು ಅಂದ್ರ ಮುಹರ್ ಬೀಳತೈತಿ.”

ಇಬ್ಬರೂ ಖಾಜಾಮಿಯಾನ ಕಡೆ ತಿರುಗಿದರು. ಕಲ್ಲಿನ ಗಣಿಗೆ ತಿರುಗಿ ಹೋಗುವವನು ಅವನೇ ತಾನೆ. ಅವನು ಮೊಳೆಗಳ ಪೆಟ್ಟಿಗೆ ಎಳೆದ.

“ನಾಕು ಅಂತ ಆಕಿ ಹೇಳ್ಯಾಳ. ಗೇಣು ಅಂತ ನೀವು ಹೇಳೀರಿ. ಕಣ್ಣಾರೆ ಕಂಡವರು ಇಬ್ಬರೂ. ನಾ ಯಾರ ಮಾತು ಹಚ್ಚಲಿ? ಹೋಗಿ ಅಳದು ಬರ್ರಿ. ಮೊಳಿ ಹಿಡಕೊಂಡಿರ್ತೀನಿ.”

ಮರಿಲಿಂಗಪ್ಪ ಒಂದು ದಾರ ಕಿಸೆಗೆ ಹಾಕಿಕೊಂಡು ಹೊರಟ. ತನ್ನ ಮೊದಲ ಪುಟವನ್ನೂ, ತೊಲೆಗಳನ್ನೂ, ಡಾಂಬರನ್ನೂ, ಬೈಯಲು ಬಂದವರನ್ನೂ ಬಾರದವರನ್ನೂ ಬೈಯುತ್ತ ಬಂಗಲೆಯ ಬಾಗಿಲಿಗೆ ಬಂದ. ಸುಲ್ತಾನಸಾಬ ಅಲ್ಲೇ ನಿಂತು ಹಿಂದಿನ ಬೇಲಿಯ ಕಡೆ ನೋಡುತ್ತಿದ್ದ. ಅಲ್ಲಿ ಇನ್ನೂ ನಾಲ್ಕು ಜನ ಕೊರಳೆತ್ತಿ ನಿಂತಿದ್ದರು.

“ಪೇಶ್ಕಾರ್ರ,” ಎಂದ ಮರಿಲಿಂಗಪ್ಪ. “ಒಂದು ಏಣಿ ಬೇಕಾಗಿತ್ತು.”

“ಏಣಿ ಯಾಕ್ರಿ?”

“ಡಾಂಬರಿನ ಅಗಲ ತಪ್ಪಿ ಬರದೇನಿ. ಅಳಿಬೇಕು.”

ಸುಲ್ತಾನಸಾಬ ಅವನನ್ನು ನೋಡಿದ, ಬೇಲಿಯಾಚೆ ನೋಡಿದ. ಬಾಯಲ್ಲಿದ್ದ ಪಾನವನ್ನು ಪಕ್ಕಕ್ಕೆ ಉಗಿದು ಒಳಗೆ ಹೋದ. ಕರೆಗಂಟೆ ಬಾರಿಸುತ್ತಾನೆ, ಸಿಪಾಯಿ ಬರುತ್ತಾನೆ ಎಂದುಕೊಂಡು ಮರಿಲಿಂಗಪ್ಪ ಕಾದ. ಬಂದದ್ದು ಸುಲ್ತಾನಸಾಬನೇ, ಹೆಗಲ ಮೇಲೆ ಏಣಿ. ಪಡಸಾಲೆಯ ಗೋಡೆಗೆ ಒರಗಿಸಿ, ಬುಡವನ್ನು ಎರಡೂ ಕೈಯಿಂದ ಹಿಡಿದ.

“ಮೂರು ತಿಂಗಳು ಆ ದವಾಖಾನಿ ಗ್ವಾಡಿ ಮುಂದ ಹಾದು ಚೆನ್ನಗುಡ್ಡದಾಗ ನನ್ನ ಮಗಳನ್ನ ನೋಡಾಕ ಹೋಗೇನಿ,” ಎಂದ, ಮೇಲೆ ನೋಡದೆ. “ಹೆರಿಗಿ ಮನಿಯಾಗ ಆತು. ಕೂಸು ಉಳೀಲಿಲ್ಲ.” ಆಮೇಲೆ ಪೇಶ್ಕಾರನ ದನಿ ತಿರುಗಿ ಬಂತು. “ಏರ್ರಿ. ಒಂದನ್ನ ಅಳದು ಏಳಕ್ಕೂ ಬರಿಬ್ಯಾಡ್ರಿ ಮತ್ತ. ಏಳೂ ಅಳೀರಿ.”

ಮರಿಲಿಂಗಪ್ಪ ಏರಿದ. ಮೊದಲ ತೊಲೆಗೆ ದಾರ ಹಿಡಿದ. ಐದು ಬೆರಳು. ಗೇಣೂ ಅಲ್ಲ, ನಾಲ್ಕೂ ಅಲ್ಲ. ಏಣಿ ಸರಿಸಿ ಎರಡನೆಯದನ್ನು ಅಳೆದ. ನಾಲ್ಕು. ಮೂರನೆಯದು ಐದೂವರೆ, ಬೇರೆ ಬೇರೆ ಕೈ ಬಳಿದದ್ದು, ಒಂದರಂತೆ ಒಂದು ಇರಲಿಲ್ಲ. ಏಳು ತೊಲೆಗೆ ಏಳು ಸಾಲಿನ ತಿದ್ದುಪಡಿ. ಅವನು ಮಾಡಿಗೆ ಹಣೆ ತಾಗಿಸಿ, ಯಾವ ಅನುವಾದದಲ್ಲೂ ಓದದ ಒಂದು ಅಪ್ಪಟ ಯಾದಗಿರಿಯ ಬೈಗುಳ ಬೈದ.

“ಬರಕೋರಿ, ಬರಕೋರಿ,” ಎಂದ ಸುಲ್ತಾನಸಾಬ ಕೆಳಗಿನಿಂದ. “ಏಣಿ ನಾ ಹಿಡದೇನಿ.”